‘ಷವರ್ ಬೇಸ್’: ಕನ್ನಡದಲ್ಲಿ ಏನೆನ್ನಬೇಕು? (ತುರ್ತು)

ಮಾನ್ಯರೇ,

ಹಳೆಯ ಸ್ನಾನದ ಮನೆಯನ್ನು ಹೊಸದಾಗಿ ಕಟ್ಟಿಕೊಳ್ಳುವವರಿಗಾಗಿ ಬರೆದ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಅದು ಅಚ್ಚಿಗೆ ಹೋಗಬೇಕು. ಷವರಿನ ಕೆಳಗೆ ನಾವು ನಿಲ್ಲುವ ಜಾಗದಲ್ಲಿ ಕೂರಿಸುವ, ಅಕ್ರಿಲಿಕ್ಕಿನಲ್ಲೋ ಫೈಬರ್‌ಗ್ಲಾಸಿನಲ್ಲೋ ಒಂದೇ ಎರಕವಾಗಿ ಬರುವ, ಸುತ್ತ ಅಂಚು ಎದ್ದಿರುವ, ನೀರು ಕಂಡಿಯತ್ತ ಹರಿಯುವಂತೆ ವಾಟವನ್ನು, ಎಂದರೆ ಇಳಿಜಾರನ್ನು, ತನ್ನೊಳಗೇ ಹೊಂದಿರುವ ವಸ್ತುವಿಗೆ ಏನೆನ್ನಬೇಕು? ಮೊದಲು ‘ತಳ’ ಎಂದು ಬರೆದುಕೊಂಡು ಹೋದೆ. ನಾಲ್ಕನೆಯ ಹಂತಕ್ಕೆ ಬರುವಷ್ಟರಲ್ಲಿ ‘ತಳವನ್ನು ಇಳಿಸುವ ಮೊದಲು ತಳದ ಮಟ್ಟವನ್ನು ನೋಡಿ, ತಳದ ತಳಕ್ಕೆ ಗಾರೆ ತುಂಬಿ’ ಎಂಬ ವಾಕ್ಯ ಹುಟ್ಟಿ, ನನಗೇ ನಗು ಬಂತು. ಅಲ್ಲಿ ಮೂರು ಬೇರೆ ಬೇರೆ ವಸ್ತುಗಳಿವೆ: ಕೂರಿಸುವುದು ಒಂದು, ಅದರಡಿಯ ಗಾರೆ ಒಂದು, ಎಲ್ಲಕ್ಕೂ ಅಡಿಯ ನೆಲ ಒಂದು. ದಯವಿಟ್ಟು ಪದ ಕೊಡಿ.

ಮೊದಲ ಉತ್ತರ

‘ಷವರ್’ ಎಂಬುದನ್ನು ಮೊದಲು ಕೈಬಿಡಿ. ‘ಮಿಂದು’ ಎನ್ನುವಾಗ ನಾವೆಲ್ಲ ಬಳಸುವ ‘ಮೀ’ ಧಾತು ಇರುವಾಗ ಸ್ನಾನಕ್ಕೂ ಸಾಲ, ಷವರಿಗೂ ಸಾಲ ಏಕೆ? ಧಾತುವಿಗೆ ನೇರವಾಗಿ ನಾಮಪದ ಸೇರುವುದಕ್ಕೆ ‘ಉಡುದಾರ’, ‘ಸುಡುಗಾಡು’ ಮುಂತಾದ ಮಾದರಿಗಳಿವೆಯಾದ್ದರಿಂದ ‘ಮೀಹಾಸು’ ಎಂಬ ರೂಪ ನಿರ್ದುಷ್ಟವಾಗಿದೆ. ಇನ್ನು ಯಾರಾದರೂ ‘ಸ್ನಾನತಟ್ಟೆ’ ಎಂದು ಸೂಚಿಸುವ ಮುನ್ನವೇ ಹೇಳಿಬಿಡುತ್ತೇನೆ: ಅದು ಸಂಸ್ಕೃತಪದಕ್ಕೆ ಕನ್ನಡಪದವನ್ನು ಬೆಸೆದ ಅರಿಸಮಾಸ. ‘ಷವರ್ ಪೀಠ’ ಎಂಬುದಂತೂ ಚರ್ಚೆಗೂ ಅರ್ಹವಲ್ಲ. ಪೀಠದ ಮೇಲೆ ಯಾರೂ ಸಾಬೂನು ಹಚ್ಚಿಕೊಂಡು ನಿಲ್ಲುವುದಿಲ್ಲ.

ಎರಡನೆಯ ಉತ್ತರ

‘ಮೀಹಾಸು’ ಎಂದರೆ ಮೀನು ಒಣಗಿಸುವ ಚಾಪೆಯೆಂದು ಓದುತ್ತಾರೆ. ಸ್ನಾನದ ಮನೆಗೆ ಸುಡುಗಾಡಿನ ಮಾದರಿಯೂ ಬೇಡ. ಅರಿಸಮಾಸವನ್ನು ನಿಷೇಧಿಸಿದ, ‘ಶಬ್ದಮಣಿದರ್ಪಣ’ವೆಂಬ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆಂಬುದನ್ನು ನಮ್ಮ ಶುದ್ಧಿವಾದಿಗಳು ಪ್ರತಿ ಬಾರಿಯೂ ಮರೆಯುತ್ತಾರೆ. ತಾವು ಇದೀಗ ಬರೆದ ‘ಸಾಬೂನು’ ಹೊರಗಿನಿಂದ ಬಂದದ್ದು, ಪಕ್ಕದಲ್ಲಿರುವ ‘ಬಾಲ್ದಿ’ ಪೋರ್ಚುಗೀಸರದು. ಇವೆರಡನ್ನೂ ಹೊರಗಿಟ್ಟು ಮೀಯುವುದಾದರೆ ಮೀಯಿರಿ. ‘ಷವರ್ ಟ್ರೇ’ ಎಂದು ಬರೆದು ಮುಗಿಸಿ.

ಮೊದಲ ಉತ್ತರ ಬರೆದವರಿಂದ

‘ಬಾಲ್ದಿ’ ಬಂದದ್ದು ಬಳಸಿದವರ ಬಾಯಿಂದ, ಅವಸರದ ಅನುವಾದದಿಂದಲ್ಲ. ‘ಟ್ರೇಯ ಅಡಿಯ ಮಾರ್ಟರ್ ಬೆಡ್ಡಿನ ಲೆವೆಲ್ಲನ್ನು’ ಎಂದು ಬರೆದರೆ ಅದರಲ್ಲಿ ಕನ್ನಡದ್ದೆಂದು ಉಳಿಯುವುದು ‘ಅಡಿ’ ಮತ್ತು ನಾಲ್ಕು ಪ್ರತ್ಯಯಗಳು ಮಾತ್ರ. ಗಾರೆ ಕೆಲಸದವರ ಬಾಯಲ್ಲಿ ವಾಟ, ಮಟ್ಟ ನೋಡುವ ರಸಮಟ್ಟ, ಗೋಡೆಯ ನೇರ ನೋಡುವ ತೂಗುಗುಂಡು ಜೀವಂತವಾಗಿವೆ. ಕೇಳುವ ಕಿವಿ ಬೇಕು.

ಮೂರನೆಯ ಉತ್ತರ

ಸಮಾಸದ ಜಗಳವನ್ನು ಬದಿಗಿಟ್ಟು, ಆ ವಸ್ತು ಮಾಡುವ ಕೆಲಸವನ್ನು ನೋಡೋಣ. ‘ಹಾಸು’ ಎಂದರೆ ಸ್ಥಳದಲ್ಲೇ ಹರಡಿದ್ದು ಎಂಬ ಅರ್ಥ ಬರುತ್ತದೆ. ಸ್ಥಳದಲ್ಲೇ ಗಾರೆ ಹರಡಿ ನೆಲ ಮಾಡುವಾಗ ಒಂದು ಅಡಿ ಉದ್ದಕ್ಕೆ ಕಾಲು ಅಂಗುಲ, ಎಂದರೆ ಸುಮಾರು ಶೇ. 2ರಷ್ಟು, ವಾಟ ಕೊಡುವುದು ರೂಢಿ. ಆದರೆ ಎರಕದ ವಸ್ತುವಿನಲ್ಲಿ ವಾಟ ಮೊದಲೇ ಇರುವುದರಿಂದ ಅದನ್ನು ಎಲ್ಲ ದಿಕ್ಕಿನಲ್ಲೂ ಸಮಮಟ್ಟವಾಗಿಯೇ ಕೂರಿಸಬೇಕು. ‘ಹಾಸು’ ಎಂದು ಓದಿದವನು ಅಭ್ಯಾಸಬಲದಿಂದ ಇನ್ನಷ್ಟು ವಾಟ ಕೊಟ್ಟನೆಂದರೆ ಒಂದು ಮೂಲೆಯಲ್ಲಿ ನೀರು ನಿಂತೇ ಇರುತ್ತದೆ. ‘ತಟ್ಟೆ’ಗೆ ಎದ್ದ ಅಂಚಿದೆ, ಅದು ಸಿದ್ಧವಾಗಿ ಬರುವ ವಸ್ತು, ಅದನ್ನು ಮಟ್ಟವಾಗಿ ಇಡಬೇಕೆಂಬುದು ಮಗುವಿಗೂ ಗೊತ್ತು. ನಮ್ಮ ಮನೆಯಲ್ಲಿ ಕೂರಿಸಿದವರು ಅಡಿಗೆ ಗಾರೆ ಹಾಕದೆ ನಾಲ್ಕು ಮೂಲೆಗೆ ಚೂರು ಹಲಗೆ ಕೊಟ್ಟು ಹೋಗಿದ್ದರು. ಕಾಲಿಟ್ಟಾಗಲೆಲ್ಲ ನಡುಭಾಗ ಬಗ್ಗಿ ‘ಟಕ್’ ಎನ್ನುತ್ತಿತ್ತು, ಕೆಲವು ತಿಂಗಳಲ್ಲಿ ಕಂಡಿಯ ಸುತ್ತಲಿನ ಬೆಸುಗೆ ಬಿಟ್ಟು ಕೆಳಗಿನ ಕೋಣೆಯ ಮಾಳಿಗೆಯಲ್ಲಿ ಒದ್ದೆಯ ವೃತ್ತವೊಂದು ಮೂಡಿತು. ಆದ್ದರಿಂದ ‘ಹಾಸು’ ಎಂಬ ಪದವನ್ನು ಆ ಗಾರೆಗೇ ಮೀಸಲಿಡಿ.

ಗೋಡೆಯ ಕಡೆ ಮೇಲಕ್ಕೆ ನಿಂತಿರುವ, ಗೋಡೆಯ ಹಲಗೆಯ ಹಿಂದೆ ಅಡಗುವ ತೆಳು ಅಂಚಿಗೆ ‘ನಿಲುವಂಗಿ’ಯಂತೆ ‘ನಿಲುವಂಚು’ ಎನ್ನಬಹುದು. ‘ಬಚ್ಚಲುದಟ್ಟೆ’ಯೆಂಬ ಆಸೆ ನನಗೂ ಇತ್ತು, ಆದರೆ ‘ಬಚ್ಚಲು’ ಎಂದರೆ ಕೊಳೆನೀರಿನ ಗುಂಡಿಯೂ ಹೌದು, ‘ಬಚ್ಚಲುಬಾಯಿ’ ಎಂದು ಬೈಯುವ ಭಾಷೆ ನಮ್ಮದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ನಾಲ್ಕನೆಯ ಹಂತ ಈಗ ಹೀಗಿದೆ: ‘ಅಡಿನೆಲದ ಮೇಲೆ ಗಾರೆಯ ಹಾಸನ್ನು ಹರಡಿ, ಷವರ್ ತಟ್ಟೆಯನ್ನು ಅದರ ಮೇಲೆ ಒತ್ತಿ ಕೂರಿಸಿ, ರಸಮಟ್ಟವನ್ನು ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ; ನಿಲುವಂಚನ್ನು ಗೋಡೆಯ ಕಂಬಗಳಿಗೆ ಬಿಗಿಯಿರಿ; ಗಾರೆ ಗಟ್ಟಿಯಾಗುವವರೆಗೆ ತಟ್ಟೆಯೊಳಗೆ ಕಾಲಿಡಬೇಡಿ.’ ‘ಷವರ್’ ಉಳಿದಿದೆ, ಕ್ಷಮಿಸಿ. ಬರಿಯ ‘ತಟ್ಟೆಯೊಳಗೆ ಕಾಲಿಡಬೇಡಿ’ ಎಂದರೆ ಊಟದ ಪಂಕ್ತಿಯ ನೆನಪಾಗುತ್ತದೆ.

ಮೊದಲ ಉತ್ತರ ಬರೆದವರಿಂದ

‘ನಿಲುವಂಚು’, ‘ಅಡಿನೆಲ’ ಇವೆರಡಕ್ಕೆ ನನ್ನ ಒಪ್ಪಿಗೆಯಿದೆ. ಉಳಿದದ್ದಕ್ಕೆ ಇಲ್ಲ.