ಬದ್ಲಾಪುರದ ಕಾತಕರಿ ಹೆಂಗಸರ ಉಪ್ಪಿನಕಾಯಿ: ಸಾಲ ಕೊಡಿಸೋದೋ, ಗಿರಾಕಿ ಹುಡುಕೋದೋ?

ಕುಮಟೆಯವಳು, ಬದ್ಲಾಪುರ

ಎಲ್ಲರಿಗೂ ನಮಸ್ಕಾರ. ತವರು ಕುಮಟಾ, ಮದುವೆಯಾದ ಮೇಲೆ ಮುಂಬಯಿ ಹತ್ರದ ಬದ್ಲಾಪುರ. ಮಳೆ ಹಿಡಿದ ಕೂಡಲೇ ಸ್ಟೇಷನ್ ಹೊರಗೆ ಗೋಣಿ ಹಾಸ್ಕೊಂಡು ಕಾತಕರಿ, ಠಾಕರ್ ಆದಿವಾಸಿ ಹೆಂಗಸರು ಕೂರ್ತಾರಲ್ಲ, ಅವರ ಖಾಯಂ ಗಿರಾಕಿ ನಾನು. ತಗಟೆ ಸೊಪ್ಪು, ಕಳಲೆ, ಮಡಹಾಗಲ ಎಲ್ಲ ಅಲ್ಲೇ. ಮೊದಲ ಮಳೆಗೆ ಶೇವಳಾ ಅಂತ ನೇರಳೆ ಬಣ್ಣದ ಮೊಗ್ಗು ನೆಲದಿಂದ ಏಳ್ತದೆ. ಅದಕ್ಕೆ ಕಾಕಡ ಅನ್ನೋ ಹುಳಿಕಾಯಿ ಹಾಕದೆ ಬೇಯಿಸಿದ್ರೆ ಗಂಟಲು ಕೆರೆದು ಸಾಕಾಗ್ತದೆ. ಎರಡನ್ನೂ ಒಟ್ಟಿಗೇ ಕಟ್ಟಿ ಕೊಡ್ತಾರೆ. ಒಬ್ಬಳಂತೂ ಕಾಕಡ ಬೇಡ ಅಂದವರಿಗೆ ಶೇವಳಾನೂ ಕೊಡೋದಿಲ್ಲ, "ನಾಳೆ ನೀನು ನನಗೇ ಬೈತೀಯ" ಅಂತಾಳೆ.

ಇದೇ ಗುಂಪಿನ ಕೆಲವರು ಈಗ ಕವಳಿಕಾಯಿ ಉಪ್ಪಿನಕಾಯಿ, ರಾಗಿ ಹಪ್ಪಳ ಮಾಡ್ತಿದ್ದಾರೆ. ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಲ್ಲಿ ಹಾಕಿದ್ರೆ ಸಂಜೆಯೊಳಗೆ ಖಾಲಿ. ಬಿಲ್ಡಿಂಗಿನ ಹುಡುಗರು ಲೋಗೋ ಮಾಡ್ತೇವೆ, ಇನ್‌ಸ್ಟಾಗ್ರಾಮಲ್ಲಿ ಹಾಕ್ತೇವೆ ಅಂತ ಕುಣೀತಿದ್ದಾರೆ. ನನ್ನ ತಲೆಬಿಸಿ ಬೇರೆ. ದೀಪಾವಳಿ ಕಳೆದ್ರೆ ಅವರ ಪಾಡಾದ (ಆದಿವಾಸಿ ಕೇರಿಯ) ಅರ್ಧ ಮನೆಗೆ ಬೀಗ. ಇಟ್ಟಿಗೆ ಭಟ್ಟಿಯವನ ಹತ್ರ ಬಯಾನಾ (ಕೂಲಿಯ ಮುಂಗಡ) ತಗೊಂಡಿರ್ತಾರೆ, ಗಂಡ ಹೆಂಡತಿ ಮಕ್ಕಳು ಎಲ್ಲ ಹೊರಟು ಹೋಗ್ತಾರೆ, ವಾಪಸ್ ಬರೋದು ಮಳೆ ಹತ್ತಿರ ಬಂದಾಗ. ಕವಳಿಕಾಯಿ ಸಿಗೋದು ಬೇಸಿಗೆಯಲ್ಲಿ. ಕಾಯಿ ಇದ್ದಾಗ ಕೈ ಇಲ್ಲ!

ನಾವು ನಾಲ್ಕು ಜನ ಸ್ವಲ್ಪ ದುಡ್ಡು ಹಾಕೋದಕ್ಕೆ ತಯಾರಿದ್ದೇವೆ. ಮೊದಲು ಏನು ಮಾಡ್ಬೇಕು? ಬಲ್ಲವರು ಹೇಳಿ.

ನಿವೃತ್ತ ಬ್ಯಾಂಕಿನವ, ಮುಲುಂಡ್

ಸಾಲಕ್ಕೆ ದಾರಿಗಳು ಇವೆ. ಕೇಂದ್ರದ ಕಿರು ಆಹಾರ ಉದ್ಯಮ ಯೋಜನೆಯಲ್ಲಿ (ಪಿಎಂಎಫ್‌ಎಂಇ, 2020) ಸ್ವಸಹಾಯ ಗುಂಪಿನ ಸದಸ್ಯೆಗೆ ತಲಾ 40,000 ರೂ. ತನಕ ಬೀಜಧನ (ಕೆಲಸ ಶುರು ಮಾಡೋ ದುಡ್ಡು) ಇಟ್ಟಿದ್ದಾರೆ. ರಾಷ್ಟ್ರೀಯ ಪರಿಶಿಷ್ಟ ಪಂಗಡಗಳ ಹಣಕಾಸು ನಿಗಮದ ಆದಿವಾಸಿ ಮಹಿಳಾ ಸಶಕ್ತೀಕರಣ ಯೋಜನೆಯಲ್ಲಿ 2 ಲಕ್ಷ ರೂ. ತನಕದ ಕೆಲಸಕ್ಕೆ ಬಡ್ಡಿ ಶೇ. 4. ಮಹಾರಾಷ್ಟ್ರದಲ್ಲಿ ಇಂಥದ್ದಕ್ಕೆ ನಾಶಿಕ್‌ನ ಶಬರಿ ಮಹಾಮಂಡಳವನ್ನು (ರಾಜ್ಯದ ಆದಿವಾಸಿ ಹಣಕಾಸು ನಿಗಮ) ಕೇಳಬೇಕು. ಸಣ್ಣ ಉದ್ಯಮಗಳ ‘ಉದ್ಯಮ್’ ನೋಂದಣಿ ಪೂರ್ತಿ ಉಚಿತ, ಏಜೆಂಟರಿಗೆ ಒಂದು ಪೈಸೆ ಕೊಡಬೇಡಿ. ಆಹಾರ ಸುರಕ್ಷತೆಯ ಸಣ್ಣ ನೋಂದಣಿಗೆ ವರ್ಷಕ್ಕೆ 100 ರೂ.

ಆದರೆ ತಾಯೀ, ಗಾಡಿ ನಿಲ್ಲೋದು ಜಾತಿ ಪ್ರಮಾಣಪತ್ರದಲ್ಲಿ. 1950ರ ಹಿಂದಿನ ದಾಖಲೆ ಕೇಳ್ತಾರೆ. ಭಟ್ಟಿಯಿಂದ ಭಟ್ಟಿಗೆ ಅಲೆಯೋ ಮನೆಯವರು ಎಲ್ಲಿಂದ ತರಬೇಕು? ಶಾಲೆಗೆ ಹೋದ ಅಜ್ಜನೇ ಇಲ್ಲದ ಕಡೆ ಅಜ್ಜನ ಶಾಲಾ ದಾಖಲೆ! ಅದನ್ನು ಈಗಲೇ ಶುರು ಮಾಡಿ, ಉಳಿದದ್ದು ಆಮೇಲೆ.

ಶಹಾಪುರದ ಮೇಷ್ಟ್ರು

ಅಕ್ಕಾ, ನಿಮ್ಮ ಪ್ರಶ್ನೆಗೆ ಉತ್ತರ ನೀವೇ ಬರೆದಿದ್ದೀರಿ. ಆ ಹೆಂಗಸರಿಗೆ ಪೈಪೋಟಿ ಬೇರೆ ಉಪ್ಪಿನಕಾಯಿಯದಲ್ಲ, ಬಯಾನಾದ್ದು.

ಭಟ್ಟಿಗೆ ಕೂಲಿಯವರನ್ನ ಹಿಡಿದು ತರೋ ಮುಕಾದಮ್ ಪಾಡಾಕ್ಕೆ ಬರೋದು ಯಾವಾಗ ನೋಡಿ. ಗಣಪತಿ ಹಬ್ಬದ ಹೊತ್ತಿಗೆ, ಭತ್ತ ಇನ್ನೂ ಗದ್ದೆಯಲ್ಲಿ, ಡಬ್ಬಿಯಲ್ಲಿ ಅಕ್ಕಿ ಇಲ್ಲ. ಯಾವ ಕಾಗದವೂ ಕೇಳದೆ ನೋಟು ಎಣಿಸಿ ಕೈಗಿಡ್ತಾನೆ. 1976ರ ಜೀತ ನಿರ್ಮೂಲನಾ ಕಾಯ್ದೆ ಪ್ರಕಾರ ಅದು ಜೀತಕ್ಕೆ ಸಮ, ಸರಿ, ಆದರೆ ಆ ದಿನ ಆ ಮನೆಗೆ ಬೇರೆ ಯಾವ ಬ್ಯಾಂಕೂ ಬಂದಿರೋದಿಲ್ಲ. ನಿಮ್ಮ ನಾಲ್ಕು ಜನರ ದುಡ್ಡು ಲೋಗೋಕ್ಕೆ ಹೋಗೋದು ಬೇಡ, ಭಾದ್ರಪದದಲ್ಲಿ ಬರೋ ವರ್ಷದ ಉಪ್ಪಿನಕಾಯಿಗೆ ಮುಂಗಡವಾಗಿ ಹೋಗಲಿ. ಬಡ್ಡಿ ಇಲ್ಲದೆ, ಮಾಲಿನಲ್ಲೇ ಮುರಿದುಕೊಳ್ಳೋ ಹಾಗೆ. ಹತ್ತು ಮನೆಗೆ ಕೊಡೋಕೆ ಆಗದಿದ್ರೆ ಮೂರಕ್ಕೆ ಕೊಡಿ, ಆದರೆ ಭಟ್ಟಿಗೆ ಹೋಗದೆ ಉಳಿಯೋಷ್ಟು ಕೊಡಿ. ಐನೂರು ರೂಪಾಯಿ ಕೊಟ್ಟರೆ ಅದನ್ನೂ ಇಸ್ಕೊಂಡು ಬಯಾನಾನೂ ತಗೋತಾರೆ, ತಪ್ಪು ಅವರದ್ದಲ್ಲ.

ನಮ್ಮ ಶಹಾಪುರದಲ್ಲಿ ಕಾತಕರಿ ಹುಡುಗರು ಅಮೃತಬಳ್ಳಿ ಕಡಿದು ಒಣಗಿಸಿ ಆಯುರ್ವೇದ ಕಂಪನಿಗಳಿಗೆ ಮಾರೋದನ್ನ ಪೇಪರಲ್ಲಿ ಓದಿರ್ತೀರಿ. ಆದಿವಾಸಿ ಗುಂಪುಗಳು ಕಾಡಿನ ಮಾಲು ಹದ ಮಾಡಿ ಮಾರಲಿ ಅಂತ ಕೇಂದ್ರ ತಂದ ವನಧನ ಯೋಜನೆಯಡಿ ಬಂದದ್ದು. ಒಂದು ಕೇಂದ್ರ ಅಂದ್ರೆ 15 ಗುಂಪು, 300 ಜನ, ಗರಿಷ್ಠ 15 ಲಕ್ಷ ರೂ. ಅನುದಾನ. ಎಲ್ಲರೂ ಅನುದಾನದ ಮಾತಾಡ್ತಾರೆ. ನನ್ನ ಪ್ರಕಾರ ಆ ಕೆಲಸ ನೆಲೆ ನಿಲ್ಲೋ ಹಾಗೆ ಮಾಡಿದ್ದು ದೊಡ್ಡ ಆರ್ಡರು. ಒಣ ಬಳ್ಳಿ ಗೋದಾಮಿನಲ್ಲಿ ಕೆಡೋದಿಲ್ಲ, ಅದಕ್ಕೆ ಚಂದದ ಬಾಟಲಿ ಬೇಡ, ತೂಕ ಸರಿ ಇದ್ದು ಬೂಷ್ಟು ಹಿಡಿದಿರದಿದ್ರೆ ಸಾಕು.

ಇನ್ನೊಂದು, ಕಾಯಿ ಕಾಡಿಂದ ತರುವಾಗ ಗಾರ್ಡ್ ತಡೆದ್ರೆ ಹೆದರೋದು ಬೇಡ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಒಡೆತನ ಅವರಿಗೇ ಕೊಟ್ಟಿದೆ. ಸಾಗಣೆ ಪರವಾನಗಿ ಗ್ರಾಮಸಭೆಯ ಸಮಿತಿಯೇ ಕೊಡಬಹುದು ಅಂತ 2012ರಲ್ಲಿ ನಿಯಮವನ್ನೂ ತಿದ್ದಿದ್ದಾರೆ.

ಪುಣೆ ಕನ್ನಡಿಗ

ಮೇಷ್ಟ್ರೇ, ಹೆಸರು, ಲೇಬಲ್ಲು ಬೇಡ ಅನ್ನೋದು ಮಾತ್ರ ನನಗೆ ಒಪ್ಪಿಗೆ ಇಲ್ಲ. ನಮ್ಮ ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳನ್ನ ನೋಡಿ. ತಲೆಗೂದಲ ಎಣ್ಣೆ ಮಾರೋಕೆ ಅವರು ಆಫ್ರಿಕಾ ಸುತ್ತಿದವರು. 2023ರಲ್ಲಿ ಸೂಡಾನ್‌ನಲ್ಲಿ ಯುದ್ಧ ಶುರುವಾದಾಗ ಅಲ್ಲಿ ಸಿಕ್ಕಿಬಿದ್ದಿದ್ದ ಕನ್ನಡಿಗರಲ್ಲಿ ಮೂವತ್ತಕ್ಕೂ ಹೆಚ್ಚು ಜನ ಅವರೇ. ಆದಿವಾಸಿ ಎಣ್ಣೆ ಅಂತ ಮೊಬೈಲಲ್ಲಿ ಅವರೇ ಜಾಹೀರಾತು ಮಾಡಿ ಹೆಸರು ಮಾಡಿದ್ರು. ಅದೇ ಹೆಸರಲ್ಲಿ ನಕಲಿ ಮಾಲೂ ಬಂತು, ಅದು ಬೇರೆ ಮಾತು.

ವರ್ಲಿ ಆದಿವಾಸಿಗಳ ಚಿತ್ರಕ್ಕೆ 2014ರಲ್ಲೇ ಭೌಗೋಳಿಕ ಗುರುತು (ಜಿಐ, ಅಂದ್ರೆ ಇದು ಇಂಥ ಕಡೆಯದ್ದೇ ಅನ್ನೋ ಸರ್ಕಾರಿ ಗುರುತು) ಸಿಕ್ಕಿದೆ. ಆದ್ರೆ ಇಲ್ಲಿ ಲಕ್ಷ್ಮೀ ರಸ್ತೆಯಲ್ಲಿ ವರ್ಲಿ ಗೊಂಬೆ ಅಚ್ಚು ಹೊಡೆದ ಕಪ್ಪು, ಕುರ್ತಾ ಬೇಕಾದಷ್ಟು ಸಿಗ್ತದೆ, ಪಾಲ್ಘರ್‌ನ ವರ್ಲಿ ಮನೆಗೆ ಅದರಿಂದ ಏನು ಹೋಗ್ತದೋ ದೇವರೇ ಬಲ್ಲ. ಹೆಸರನ್ನ ಅವರು ಇಟ್ಟುಕೊಳ್ಳದಿದ್ರೆ ಇನ್ಯಾರೋ ಇಟ್ಟುಕೊಳ್ತಾರೆ. ಲೇಬಲ್ ಮಾಡ್ಸಿ, ಆದರೆ ಗುಂಪಿನ ಹೆಸರಲ್ಲಿ. ನಿಮ್ಮ ಸೊಸೈಟಿಯ ಹುಡುಗರ ಹೆಸರಲ್ಲಿ ಬೇಡ.

ಠಾಣೆ ಹೋಟ್ಲಿನ ಶೆಟ್ರು

ಎಂತ ಮಾರಾಯ್ರೆ, ವ್ಯಾಪಾರದ ಮಾತಲ್ಲಿ ವ್ಯಾಪಾರಿಗಳನ್ನ ಯಾರೂ ಕೇಳೂದಿಲ್ಲ!

ನಂಗೆ ಉಪ್ಪಿನಕಾಯಿ ಬೇಡ. ಒಂದೊಂದು ಸಲ ಒಂದೊಂದು ರುಚಿ ಬಂದ್ರೆ ಗಿರಾಕಿ ನನ್ನನ್ನ ಬೈತಾರೆ. ಆದ್ರೆ ಮಳೆಗಾಲದಲ್ಲಿ ಕಳಲೆ, ಮಡಹಾಗಲ, ತಜಂಕ್ (ನೀವು ಹೇಳಿದ ತಗಟೆ ಸೊಪ್ಪು) ಎಲ್ಲ ಬೇಕು. ಆಷಾಢದಲ್ಲಿ ನಮ್ಮವರು ಅದನ್ನೇ ಕೇಳ್ಕೊಂಡು ಬರ್ತಾರೆ. ಸೋಸಿ, ತೊಳೆದು, ಕಳಲೆ ಆದ್ರೆ ಸಣ್ಣಗೆ ಹೆಚ್ಚಿ ನೀರಲ್ಲಿ ಹಾಕಿ ಕೊಟ್ರೆ ಸ್ಟೇಷನ್ ರೇಟಿಗಿಂತ ಜಾಸ್ತಿ ಕೊಡ್ತೇನೆ, ಯಾಕಂದ್ರೆ ನನ್ನ ಹುಡುಗರ ಅರ್ಧ ದಿನ ಉಳೀತದೆ. ಬೆಳಗ್ಗೆ ಎಂಟರೊಳಗೆ ಮಾಲು ಬರಬೇಕು. ದುಡ್ಡು ಅಲ್ಲೇ, ಕೈಮೇಲೆ. ತಿಂಗಳ ಕೊನೆಗೆ ಬಿಲ್ಲು ಅಂತ ಹೇಳಿ ಆ ಜನರನ್ನ ಸತಾಯಿಸೂದು ನಂಗೆ ಆಗೂದಿಲ್ಲ.

ಕುಮಟೆಯವಳು, ಬದ್ಲಾಪುರ

ಮೇಷ್ಟ್ರ ಮಾತನ್ನ ಆ ಹೆಂಗಸರ ಮುಂದೆ ಇಟ್ಟೆ. ಮುಂಗಡ ಅಂದ ಕೂಡಲೇ ಒಬ್ಬಳು ಕೇಳಿದ್ದು: "ಬಾಯೀ, ಕಾಯಿ ಆಗದ ವರ್ಷ ನೀನೂ ವಸೂಲಿಗೆ ಮನೆಗೆ ಬಂದು ಕೂರ್ತೀಯಾ?" ಇಲ್ಲ, ಅದರ ಮುಂದಿನ ವರ್ಷಕ್ಕೆ ಹೋಗ್ತದೆ ಅಂತ ನಾವು ನಾಲ್ವರೂ ಒಪ್ಪಿ ಬರೆದುಕೊಟ್ಟಿದ್ದೇವೆ, ಮರಾಠಿಯಲ್ಲಿ. ಸದ್ಯಕ್ಕೆ ಮೂರು ಮನೆ. ಪ್ರಮಾಣಪತ್ರದ ಓಡಾಟವನ್ನ ನಮ್ಮೆಜಮಾನ್ರು ವಹಿಸ್ಕೊಂಡಿದ್ದಾರೆ.

ಶೆಟ್ರೇ, ಕಳಲೆ ರೇಟು ನಾನು ಹೇಳೋದು ಸರಿಯಲ್ಲ. ಅವರನ್ನೇ ಕರ್ಕೊಂಡು ಬರ್ತೇನೆ. ಎಂಟು ಗಂಟೆ ಮಾತ್ರ ಕಷ್ಟ, ಆ ಹೊತ್ತಿನ ಲೋಕಲ್‌ನಲ್ಲಿ ಬುಟ್ಟಿ ಇಟ್ಕೊಂಡು ಹತ್ತೋಕೆ ಬಿಡೋದಿಲ್ಲ. ಒಂಬತ್ತೂವರೆ ಆದ್ರೆ ನಡೀತದಾ?