ಪದ ಬೇಕು: ನಾಟಕಶಾಲೆಯ ‘ಲೋಜ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,
ಚಿತ್ರಕಲೆಯ ಸ್ಲೈಡುಗಳಿಗೆ ಅಡಿಬರಹ ಬರೆಯುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. ಕಲಾವಿದೆ ಮೇರಿ ಕಸಾಟ್ 1878ರಲ್ಲಿ ಬರೆದ ‘ಇನ್ ದ ಲೋಜ್’ ಚಿತ್ರದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಪ್ಯಾರಿಸ್ಸಿನ ನಾಟಕಶಾಲೆ. ಕಪ್ಪು ಉಡುಪಿನ ಹೆಂಗಸು ದುರ್ಬೀನು ಹಿಡಿದು ನೋಡುತ್ತಿದ್ದಾಳೆ. ದೂರದಲ್ಲಿ ಒಬ್ಬ ಗಂಡಸು ಮುಂದಕ್ಕೆ ಬಾಗಿ ತನ್ನ ದುರ್ಬೀನನ್ನು ಇವಳ ಕಡೆಗೇ ತಿರುಗಿಸಿದ್ದಾನೆ! ರಂಗ ಕಾಣುವುದೇ ಇಲ್ಲ. ಲೋಜ್ ಅಂದರೆ ಗೋಡೆಗುಂಟ ಮೇಲೆ ಕಟ್ಟಿದ, ಕೆಲವೇ ಕುರ್ಚಿ ಹಿಡಿಸುವ ಗೂಡು. ‘ಪೆಟ್ಟಿಗೆಯಲ್ಲಿ’ ಅಂತ ಬರೆದೆ. ಹೆಣ ಇಟ್ಟಂತೆ ಕೇಳಿಸಿತು, ಹೊಡೆದುಹಾಕಿದೆ.
ಇನ್ನೊಂದು: ಆ ಗಂಡಸನ್ನೂ ‘ಪ್ರೇಕ್ಷಕ’ ಅನ್ನಬಹುದಾ?

*

ಲೋಜ್‌ನ ಬೇರು ಫ್ರಾಂಕರ (ಹಿಂದಿನ ಒಂದು ಜರ್ಮಾನಿಕ್ ಜನಾಂಗ) ಹಳೆಯ ನುಡಿಯಲ್ಲಿದೆ. ಎಲೆಯ ಮಾಡು ಅಂತ ಮೂಲ ಅರ್ಥ. ಜರ್ಮನ್‌ನ ‘ಲೌಬೆ’ ಇವತ್ತಿಗೂ ಬಳ್ಳಿಚಪ್ಪರವೇ. ಹಾಗಾಗಿ ‘ಚಪ್ಪರ’. ಅಚ್ಚಗನ್ನಡ ಇರುವಾಗ ಸಾಲ ಯಾಕೆ? ‘ಪ್ರೇಕ್ಷಕ’ವೂ ಬೇಡ. ‘ನೋಡುಗ’.

*

> ಅಚ್ಚಗನ್ನಡ ಇರುವಾಗ ಸಾಲ ಯಾಕೆ?

ಹಿಂದಿಯ ‘ಛಪ್ಪರ್’ ಕೇಳಿಲ್ವಾ ರಾಯರೇ? ಬೇರು ನೋಡಿಯೇ ಪದ ಕೊಡುವುದಾದರೆ ‘ಲಾಡ್ಜ್’ ಕೂಡ ಅದೇ ಬೇರಿನದು. ‘ಲಾಡ್ಜಿನಲ್ಲಿ ಹೆಂಗಸು’ ಅಂತ ಹಾಕಲಿ, ಓದುಗರು ಏನಂದುಕೊಳ್ಳುತ್ತಾರೆ ನೋಡೋಣ. ಚಪ್ಪರ ಅಂದರೆ ನಮಗೆ ಮದುವೆಮನೆ, ವಾಲಗ. ಹಳೇ ಟಾಕೀಸುಗಳಲ್ಲಿ ‘ಬಾಕ್ಸ್’ ಅಂತಲೇ ಟಿಕೆಟ್ ಇರುತ್ತಿತ್ತು. ಗಾಂಧಿ ಕ್ಲಾಸಿನಲ್ಲಿ ಕೂತವರಿಗೂ ಆ ಪದ ಗೊತ್ತಿತ್ತು. ಬಾಕ್ಸ್. ಸಾಕು.

*

ಹೀಗೇ ಬಿಟ್ಟರೆ ನಾಳೆ ‘ಆಡಿಯನ್ಸ್’ ಕೂಡ ಕನ್ನಡ ಅನ್ನುತ್ತೀರಿ.

*

ಪ್ರಶ್ನೆಯಲ್ಲೇ ‘ದುರ್ಬೀನು’ ಪಾರಸಿ, ‘ಕುರ್ಚಿ’ ಅರಬಿ. ಅವನ್ನೂ ಎತ್ತಿಸಿಬಿಡಿ. ಪಾಪ, ಆಯಮ್ಮ ನಿಂತುಕೊಂಡು ಬರಿಗಣ್ಣಲ್ಲಿ ನಾಟಕ ನೋಡಲಿ.

*

ಇಬ್ಬರೂ ಸ್ವಲ್ಪ ಸುಮ್ನಿರಿ. ಅವರಿಗೆ ಪದ ಬೇಕಿರುವುದು ನಾಳೆಗೆ.
ಚಿತ್ರಕಾರ ರೆನ್ವಾರ್‌ನ 1874ರ ‘ಲಾ ಲೋಜ್’ ಚಿತ್ರ ಕೂಡ ನಿಮ್ಮ ಸ್ಲೈಡಿನಲ್ಲಿ ಬರಬಹುದು. ಎರಡಕ್ಕೂ ಒಂದೇ ಪದ ಇಟ್ಟುಕೊಳ್ಳಿ. ಅದರಲ್ಲೂ ಹಿಂದೆ ಕೂತ ಗಂಡಸಿನ ದುರ್ಬೀನು ಮೇಲಕ್ಕಿದೆ, ರಂಗದ ಕಡೆಗಲ್ಲ. ‘ಪ್ರೇಕ್ಷಕ’ ಅಂದರೆ ನೋಡುವವನು ಅಷ್ಟೇ. ಏನನ್ನು ನೋಡುತ್ತಾನೆ ಅಂತ ಆ ಪದ ಹೇಳುವುದಿಲ್ಲ. ಆದರೆ ನಾಟಕದ ಜೊತೆ ಬಳಸಿ ಬಳಸಿ ನಮ್ಮ ಕಿವಿಗೆ ಹಾಗೆ ಅಂಟಿಕೊಂಡಿದೆ, ಅಲ್ವಾ?

*

ಎಲ್ಲರಿಗೂ ಥ್ಯಾಂಕ್ಸ್. ‘ನಾಟಕಶಾಲೆಯ ಬಾಕ್ಸಿನಲ್ಲಿ’ ಅಂತ ಹಾಕಿ ಕಳಿಸಿದೆ. ಹೆಂಗಸು ಪ್ರೇಕ್ಷಕಿ. ಆ ಗಂಡಸಿಗೆ ಮಾತ್ರ ‘ನೋಡುಗ’ ಇಟ್ಟೆ. ಅವನು ನಾಟಕಕ್ಕೆ ಬಂದವನ ಹಾಗೆ ಕಾಣುವುದಿಲ್ಲ.