ಎಚ್. ಪೈಲೋರಿಗೆ ಮಾತ್ರೆ ತಗೊಂಡ್ರೆ ಎದೆಯುರಿ ಜಾಸ್ತಿ ಆಗುತ್ತಾ?

ತೋಟದಮನೆ, ಹೊಸನಗರ

ಎಲ್ಲರಿಗೂ ನಮಸ್ಕಾರ. ಅಮ್ಮನ ವಿಷಯ ಕೇಳಬೇಕಿತ್ತು. ಅವರಿಗೆ 61 ವರ್ಷ. ಎದೆಯುರಿ, ಹುಳಿತೇಗು ತುಂಬಾ ಹಳೆಯದು. ರಾತ್ರಿ ಮಲಗಿದರೆ ಗಂಟಲವರೆಗೂ ಹುಳಿನೀರು ಬರುತ್ತದೆ, ಎದ್ದು ಕೂರುತ್ತಾರೆ. ಇಷ್ಟು ದಿನ ಎಲ್ಲರೂ "ಗ್ಯಾಸ್ಟ್ರಿಕ್" ಅಂತ ಹೇಳಿ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ಕೊಟ್ಟು ಕಳಿಸುತ್ತಿದ್ದರು. ಈ ಸಲ ಶಿವಮೊಗ್ಗದಲ್ಲಿ ಎಂಡೋಸ್ಕೋಪಿ ಮಾಡಿಸಿದೆವು. ಅನ್ನನಾಳದ ಕೆಳತುದಿ ಕೆಂಪಾಗಿದೆ, ಜಠರದ ಒಳಪದರ ಊದಿಕೊಂಡಿದೆ, ಎಚ್. ಪೈಲೋರಿ ಅನ್ನೋ ಬ್ಯಾಕ್ಟೀರಿಯಾ ಪಾಸಿಟಿವ್ ಅಂತ ಬರೆದಿದ್ದಾರೆ. 14 ದಿನಕ್ಕೆ ನಾಲ್ಕು ತರಹದ ಮಾತ್ರೆ ಕೊಟ್ಟಿದ್ದಾರೆ.

ಈಗ ನಮ್ಮ ನೆಂಟರೊಬ್ಬರು ಬಂದು, "ಆ ಬ್ಯಾಕ್ಟೀರಿಯಾ ಹೊಟ್ಟೆಯ ಆಸಿಡ್ ಕಡಿಮೆ ಮಾಡುತ್ತೆ, ಅದನ್ನ ಸಾಯಿಸಿದ್ರೆ ಎದೆಯುರಿ ಇನ್ನೂ ಜಾಸ್ತಿ ಆಗುತ್ತೆ" ಅಂತ ಹೇಳಿ ಹೋದರು. ಅಮ್ಮ ಇನ್ನೂ ಮಾತ್ರೆ ಮುಟ್ಟಿಲ್ಲ. ಇದು ನಿಜವಾ? ಇನ್ನೊಂದು, ನಮ್ಮ ಮನೆಗೆ ಗುಡ್ಡದಿಂದ ಬರುವ ಅಬ್ಬಿ ನೀರೇ ಕುಡಿಯುವ ನೀರು. ಅದರಿಂದ ಬಂದಿರಬಹುದಾ?

ಹಿನ್ನೀರು, ಸಾಗರ

ಬ್ಯಾಕ್ಟೀರಿಯಾ ವಿಷಯ ತಿಳಿದವರು ಹೇಳಲಿ. ನಮ್ಮ ಅಪ್ಪನಿಗೂ ರಾತ್ರಿ ಹುಳಿನೀರು ಬರುತ್ತಿತ್ತು. ಮಂಚದ ತಲೆಯ ಕಡೆಯ ಎರಡು ಕಾಲಿನ ಕೆಳಗೆ ಮರದ ತುಂಡು ಇಟ್ಟು ಆರೇಳು ಇಂಚು ಎತ್ತರಿಸಿದೆವು. ಊಟ ಆಗಿ ಮೂರು ಗಂಟೆ ಕಳೆಯದೆ ಮಲಗಬಾರದು ಅಂತ ಡಾಕ್ಟರ್ ಹೇಳಿದ್ದರು. ಅಡಿಕೆ ಸುಲಿಯುವ ಕಾಲದಲ್ಲಿ ಅದೇ ಕಷ್ಟ. ಹತ್ತು ಗಂಟೆಗೆ ಉಂಡು ತಕ್ಷಣ ಅಡ್ಡಾಗುತ್ತಾರೆ. ಊಟವನ್ನು ಏಳೂವರೆಗೆ ತಂದೆವು, ರಾತ್ರಿಯ ಕವಳ (ಎಲೆಅಡಿಕೆ) ಬಿಡಿಸಿದೆವು. ಒಳ್ಳೆ ವ್ಯತ್ಯಾಸ ಆಯಿತು. ಬರೀ ತಲೆದಿಂಬು ಎರಡು ಇಟ್ಟರೆ ಸಾಲದು, ಹೊಟ್ಟೆ ಮಡಚಿದ ಹಾಗಾಗುತ್ತದೆ.

ಲ್ಯಾಬ್ ಅಕ್ಕ, ತೀರ್ಥಹಳ್ಳಿ

ತೋಟದಮನೆಯವರೇ, ಅಮ್ಮನಿಗೆ ಮಾತ್ರೆ ಶುರು ಮಾಡಿಸಿ. ಪೆನಿಸಿಲಿನ್ ಅಥವಾ ಬೇರೆ ಯಾವ ಔಷಧಿಯಾದರೂ ಮೊದಲು ಮೈಗೆ ಆಗದೇ ಇದ್ದದ್ದು ಇದ್ದರೆ ಮಾತ್ರ ಒಮ್ಮೆ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ನಾನು ಡಾಕ್ಟರ್ ಅಲ್ಲ, ಲ್ಯಾಬಿನಲ್ಲಿ ಕೆಲಸ ಮಾಡುವವಳು. ಈ ಕ್ರಿಮಿಯ ಪರೀಕ್ಷೆ ನನ್ನ ಕೈಮೇಲೆ ನಡೆಯುತ್ತದೆ. ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಯೂರಿಯಾ ಇರುವ ಹಳದಿ ಜೆಲ್‌ಗೆ ಹಾಕುತ್ತೇವೆ. ಕ್ರಿಮಿ ಇದ್ದರೆ ಅದರ ಯೂರಿಯೇಸ್ ಅನ್ನೋ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಜೆಲ್ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಆಸಿಡ್ ಇರುವ ಜಠರದಲ್ಲಿ ಅದು ಬದುಕುವುದೂ ಹೀಗೆಯೇ. ತನ್ನ ಸುತ್ತ ಅಮೋನಿಯಾ ಮಾಡಿಕೊಂಡು ಲೋಳೆಪದರದ ಒಳಗೆ ಸೇರಿಕೊಳ್ಳುತ್ತದೆ. ಪ್ಯಾಂಟೊಪ್ರಜೋಲ್ ತಗೊಳ್ಳುತ್ತಿದ್ದಾಗ ಈ ಪರೀಕ್ಷೆ ಸುಳ್ಳು ನೆಗೆಟಿವ್ ಬರುವುದುಂಟು. ಅಮ್ಮನದು ಪಾಸಿಟಿವ್ ಬಂದಿರುವುದರಿಂದ ಅನುಮಾನ ಬೇಡ.

ನಿಮ್ಮ ನೆಂಟರ ಮಾತು ಗಾಳಿಯಲ್ಲಿ ಬಂದದ್ದಲ್ಲ. ಈ ಕ್ರಿಮಿ ಜಠರದ ಮೇಲುಭಾಗಕ್ಕೆಲ್ಲ ಹರಡಿ ವರ್ಷಗಟ್ಟಲೆ ಕೂತರೆ ಆಸಿಡ್ ಸುರಿಸುವ ಗ್ರಂಥಿಗಳೇ ಸವೆಯುತ್ತವೆ. ಆಗ ಆಸಿಡ್ ಕಡಿಮೆಯಾಗುತ್ತದೆ, ಎದೆಯುರಿಯೂ ಕಡಿಮೆ ಅನಿಸಬಹುದು. 1990ರ ದಶಕದಲ್ಲಿ ವೈದ್ಯರೇ ಈ ಭಯ ಎತ್ತಿದ್ದರು. ಆದರೆ ಕ್ರಿಮಿ ಜಠರದ ಕೆಳತುದಿಯಲ್ಲಿ ಮಾತ್ರ ಇದ್ದರೆ ಆಸಿಡ್ ಉಲ್ಟಾ ಜಾಸ್ತಿ ಆಗುತ್ತದೆ. ಸಣ್ಣಕರುಳಿನ ಶುರುವಿನಲ್ಲಿ ಹುಣ್ಣಾಗುವುದು ಇಂಥವರಿಗೇ. ಆಮೇಲೆ ಚಿಕಿತ್ಸೆ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿ ನೋಡಿದ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ಆ ಭಯಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಎದೆಯುರಿ ಇದೆ ಅನ್ನೋ ಕಾರಣಕ್ಕೆ ಈ ಚಿಕಿತ್ಸೆ ತಪ್ಪಿಸಬೇಡಿ ಅಂತಲೇ ಈಗಿನ ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ.

ಆಸಿಡ್ ಕಡಿಮೆ ಮಾಡಿಕೊಡುತ್ತೆ ಅಂತ ಅದನ್ನು ಇಟ್ಟುಕೊಳ್ಳುವುದು ದೊಡ್ಡ ಅಪಾಯ. ಗ್ರಂಥಿ ಸವೆದ ಜಠರದಲ್ಲೇ ಮುಂದೆ ಕ್ಯಾನ್ಸರ್ ಹುಟ್ಟುವ ಸಾಧ್ಯತೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಇದನ್ನು ಕ್ಯಾನ್ಸರ್‌ಕಾರಕ ಅಂತ ಪಟ್ಟಿಗೆ ಸೇರಿಸಿದೆ. ಕ್ರಿಮಿ ಬಂದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಬಹಳ ಕಡಿಮೆ ಜನರಿಗೆ ಬರುತ್ತದೆ. ಆದರೆ ಕ್ರಿಮಿ ಇಟ್ಟುಕೊಂಡೇ ವರ್ಷಗಟ್ಟಲೆ ಪ್ಯಾಂಟೊಪ್ರಜೋಲ್ ನುಂಗಿದರೆ ಉರಿಯೂತ ಜಠರದ ಮೇಲುಭಾಗಕ್ಕೆ ಹರಡುತ್ತದೆ. ಅಮ್ಮ ಅಷ್ಟು ದಿನದಿಂದ ಆ ಮಾತ್ರೆ ತಗೊಳ್ಳುತ್ತಿರುವುದರಿಂದಲೇ ನನಗೆ ಕಾಳಜಿ.

ಇದನ್ನೂ ಅಮ್ಮನಿಗೆ ಮೊದಲೇ ಹೇಳಿಬಿಡಿ: ಕ್ರಿಮಿ ಹೋದ ತಕ್ಷಣ ಎದೆಯುರಿ ಹೋಗುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವ ಕಡೆ ಒಂದು ಬಿಗಿ ಸ್ನಾಯು ಇದೆ. ಕೆರೆಯ ತೂಬು ಸಡಿಲವಾದ ಹಾಗೆ ಅದು ಸಡಿಲವಾದರೆ ಆಸಿಡ್ ಮೇಲೆ ಬರುತ್ತದೆ. ಆಸಿಡ್ ಎಷ್ಟಿದೆ ಅನ್ನುವುದಕ್ಕಿಂತ ಅದು ಇರಬಾರದ ಜಾಗಕ್ಕೆ ಬರುವುದೇ ಆ ಕಾಯಿಲೆ. ಅದಕ್ಕೆ ಸಾಗರದವರು ಹೇಳಿದ್ದೆಲ್ಲ ಸರಿಯಾದ ದಾರಿ. ಎಡಮಗ್ಗುಲಲ್ಲಿ ಮಲಗುವುದನ್ನೂ ಸೇರಿಸಿ. ಪ್ಯಾಂಟೊಪ್ರಜೋಲನ್ನು ತಿಂಡಿಗೆ ಅರ್ಧ ಗಂಟೆ ಮೊದಲು ಕೊಡಿ, ತಿಂದ ಮೇಲೆ ಕೊಟ್ಟರೆ ಅಷ್ಟು ಕೆಲಸ ಮಾಡಲ್ಲ. ಡಾಕ್ಟರಿಗೆ ಕೇಳದೆ ಅದನ್ನು ನಿಲ್ಲಿಸಬೇಡಿ.

ಅಬ್ಬಿ ನೀರಿನಿಂದಲೇ ಬಂತು ಅಂತ ಹೇಳಕ್ಕಾಗಲ್ಲ. ಹೆಚ್ಚಿನವರಿಗೆ ಇದು ಚಿಕ್ಕಂದಿನಲ್ಲೇ ಮನೆಯವರಿಂದ ಅಂಟಿರುತ್ತದೆ. ನೀರು ಕುದಿಸಿ ಕುಡಿಯಿರಿ, ಅದು ಹೇಗೂ ಒಳ್ಳೆಯದು.

ತೋಟದಮನೆ, ಹೊಸನಗರ

ತುಂಬಾ ಉಪಕಾರ ಅಕ್ಕ. ಅಮ್ಮನಿಗೆ ಓದಿ ಹೇಳಿದೆ, ಇವತ್ತು ರಾತ್ರಿಯಿಂದ ಶುರು ಮಾಡುತ್ತಾರೆ. ಚೀಟಿಯಲ್ಲಿ ಪ್ಯಾಂಟೊಪ್ರಜೋಲ್, ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಅಂತ ಇದೆ. ಪಥ್ಯ ಏನಾದರೂ ಇದೆಯಾ? ಅಮ್ಮನಿಗೆ ದಿನಾ ಮಧ್ಯಾಹ್ನ ಒಂದೆಲಗದ ತಂಬುಳಿ ಬೇಕೇ ಬೇಕು.

ಲ್ಯಾಬ್ ಅಕ್ಕ, ತೀರ್ಥಹಳ್ಳಿ

ತಂಬುಳಿ ಬಿಡಬೇಕಾಗಿಲ್ಲ, ಆದರೆ ಟೆಟ್ರಾಸೈಕ್ಲಿನ್ ಜೊತೆ ಬೇಡ. ಹಾಲು, ಮಜ್ಜಿಗೆಯ ಕ್ಯಾಲ್ಸಿಯಂ ಆ ಮಾತ್ರೆಯನ್ನು ಹಿಡಿದುಕೊಂಡುಬಿಡುತ್ತದೆ, ಮೈಗೆ ಸೇರಲು ಬಿಡಲ್ಲ. ಎರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದರೆ ಅವಕ್ಕೂ ಇದೇ ಲೆಕ್ಕ.

ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ, ವಾಕರಿಕೆಯೂ ಬರಬಹುದು. ಬಿಸ್ಮತ್‌ನಿಂದ ನಾಲಿಗೆ, ಮಲ ಕಪ್ಪಾಗುತ್ತದೆ, ಹೆದರಬೇಡಿ. ಆದರೆ ಮಲ ಡಾಂಬರಿನ ಹಾಗೆ ಅಂಟಂಟಾಗಿ ಕೆಟ್ಟ ವಾಸನೆ ಬಂದು, ತಲೆ ಸುತ್ತಿದರೆ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಕ್ತ ವಾಂತಿಯಾದರೆ, ಅನ್ನ ನುಂಗಲು ಕಷ್ಟವಾದರೆ, ತೂಕ ಇಳಿಯುತ್ತಾ ಹೋದರೂ ಹಾಗೆಯೇ.

ಐದಾರು ದಿನಕ್ಕೆ ಬೇಜಾರಾಗಿ ನಿಲ್ಲಿಸುವವರು ತುಂಬಾ ಜನ. ಅರ್ಧ ಸತ್ತ ಕ್ರಿಮಿ ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಮುಂದಿನ ಸಲ ಆಯ್ಕೆಯೇ ಕಡಿಮೆಯಾಗುತ್ತದೆ. ದಯವಿಟ್ಟು 14 ದಿನವೂ ಪೂರ್ತಿ ಕೊಡಿ.

ಮುಗಿದ ಮೇಲೆ ಕ್ರಿಮಿ ಹೋಯಿತಾ ಅಂತ ನೋಡಲೇಬೇಕು. ಆಂಟಿಬಯಾಟಿಕ್ ನಿಲ್ಲಿಸಿ ಕನಿಷ್ಠ ನಾಲ್ಕು ವಾರ ಆಗಿರಬೇಕು, ಪ್ಯಾಂಟೊಪ್ರಜೋಲ್ ಎರಡು ವಾರ ಬಿಟ್ಟಿರಬೇಕು. ಅದನ್ನು ಬಿಡುವುದು ಹೇಗೆ ಅಂತ ಡಾಕ್ಟರಿಗೇ ಕೇಳಿ. ಉಸಿರಿನ ಯೂರಿಯಾ ಪರೀಕ್ಷೆ ಎಲ್ಲ ಕಡೆ ಸಿಗಲ್ಲ, ಮಲದ ಪರೀಕ್ಷೆ ಸಾಕು. ಚೀಟಿಯಲ್ಲಿ "ಆಂಟಿಜನ್" ಅಂತ ಇದೆಯಾ ನೋಡಿಕೊಳ್ಳಿ. ರಕ್ತದಲ್ಲಿ ಮಾಡುವ ಆಂಟಿಬಾಡಿ ಪರೀಕ್ಷೆ ಕ್ರಿಮಿ ಹೋದ ಮೇಲೂ ಎಷ್ಟೋ ಕಾಲ ಪಾಸಿಟಿವ್ ಬರುತ್ತಲೇ ಇರುತ್ತದೆ, ಅದಕ್ಕೆ ದುಡ್ಡು ಕೊಡಬೇಡಿ.